ಬಶಿ ಚೂರಿನ ನಕಾಶೆ

ದಾರಿಯಲ್ಲಿ ಒಡೆದ ಕಪ್ಪಿನ ಚೂರು ಕಂಡರೆ ನನಗೆ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ. ಬಗ್ಗಿ ಎತ್ತಿಕೊಳ್ಳುತ್ತೇನೆ, ಸೆರಗಿನಲ್ಲಿ ಒರೆಸುತ್ತೇನೆ, ಅಂಚಿನಲ್ಲಿ ಹೂವಿದೆಯೋ ಗೆರೆಯಿದೆಯೋ ನೋಡಿ ಪರ್ಸಿಗೆ ಹಾಕಿಕೊಳ್ಳುತ್ತೇನೆ. ಬಸ್ಸಿನಲ್ಲಿ ಚಿಲ್ಲರೆಗೆಂದು ಪರ್ಸಿಗೆ ಕೈ ಹಾಕಿ ಬೆರಳು ಕೊಯ್ದುಕೊಂಡ ನಮ್ಮ ಯಜಮಾನರು, ‘ಬೇರೆಯವರ ಹೆಂಡಂದಿರು ಬಂಗಾರ ಕೂಡಿಡುತ್ತಾರೆ’ ಎಂದು ಗೊಣಗುವುದುಂಟು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಐವತ್ತು ದಾಟಿದ ಹೆಂಗಸು ಗಟಾರದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಚೂರು ಆರಿಸುವುದನ್ನು ನೀವು ನೋಡಿದ್ದರೆ ನೀವೂ ಎರಡು ಹೆಜ್ಜೆ ದೂರ ಸರಿಯುತ್ತಿದ್ದಿರಿ.

ಇದು ತವರಿನಿಂದ ಬಂದ ಚಟ. ಚಿಕ್ಕೋಡಿಯ ಪೇಟೆಯಲ್ಲಿ ನಮ್ಮಪ್ಪನದು ಕಪ್ಪು ಬಶಿಯ ಅಂಗಡಿ. ಬಶಿ ಎಂದರೆ ಕಪ್ಪಿನ ಕೆಳಗಿಡುವ ತಟ್ಟೆ. ನಮ್ಮ ಕಡೆಯ ಜನ ಚಹಾ ಕುಡಿಯುವುದೇ ಬಶಿಯಿಂದ, ಕಪ್ಪು ಬರೀ ಹೊತ್ತು ತರುವುದಕ್ಕೆ. ಅಪ್ಪನನ್ನು ಊರೆಲ್ಲ ಬಶಿ ಮಲ್ಲಪ್ಪ ಎಂದು ಕರೆಯುತ್ತಿತ್ತು. ಉತ್ತರದಿಂದ ಲಾರಿಯಲ್ಲಿ ಕಟ್ಟಿಗೆಯ ಪೆಟ್ಟಿಗೆಗಳು ಬರುತ್ತಿದ್ದವು. ಒಳಗೆ ಒಣಹುಲ್ಲು, ಹುಲ್ಲಿನೊಳಗೆ ಕಪ್ಪುಗಳು. ಅಪ್ಪ ಒಂದೊಂದನ್ನೇ ಹೊರಗೆ ತೆಗೆದು ತೋರುಬೆರಳಿನ ಉಗುರಿನಿಂದ ಬಡಿದು ಕಿವಿಗೊಡುತ್ತಿದ್ದ. ಗಟ್ಟಿ ಕಪ್ಪು ಠಣ್ ಎನ್ನುತ್ತಿತ್ತು. ಕಣ್ಣಿಗೆ ಕಾಣದ ಕೂದಲೆಳೆಯ ಸೀಳು ಇದ್ದದ್ದು ಠಪ್ ಎನ್ನುತ್ತಿತ್ತು. ಠಪ್ ಎಂದದ್ದು ಅಂಗಡಿಯ ಹಿಂದಿನ ಬಾಗಿಲಿನಿಂದ ನಮ್ಮ ಹಿತ್ತಲಿಗೆ ಹೋಗಿ ಬೀಳುತ್ತಿತ್ತು. ಈ ಬಡಿಯುವ ರೂಢಿ ಅವನಿಗೆ ಎಷ್ಟು ಹತ್ತಿತ್ತೆಂದರೆ, ಯಾರ ಮನೆಗೆ ಹೋದರೂ ಕೈಗೆ ಬಂದ ಕಪ್ಪನ್ನು ಬಡಿದೇ ಬಾಯಿಗೆ ಇಡುತ್ತಿದ್ದ. ಮನೆಯವರ ಮುಖ ಸಣ್ಣಗಾಗುತ್ತಿತ್ತು. ಅಪ್ಪನಿಗೆ ಮುಖಗಳ ಕಡೆ ಗಮನವಿರಲಿಲ್ಲ.

ಹಿತ್ತಲಿನ ಚೂರಿನ ರಾಶಿ ಅವ್ವನ ಕಣ್ಣಿಗೆ ಕಿಸುರು. ಒಡೆದ ಕಪ್ಪು ಮನೆಯಲ್ಲಿದ್ದರೆ ಮನೆ ಒಡೆಯುತ್ತದೆ ಎನ್ನುವುದು ಅವಳ ನಂಬಿಕೆ. ‘ಊರ ಮಂದಿ ಒಡಕ ಹೊರಗ ಒಗೀತಾರ, ನಾವು ರೊಕ್ಕಾ ಕೊಟ್ಟ ತರಸ್ತೇವಿ’ ಎನ್ನುತ್ತಿದ್ದಳು. ಅಪ್ಪ ಹ್ಞೂಂ ಎನ್ನುತ್ತಿದ್ದ, ಉಹುಂ ಎನ್ನುತ್ತಿದ್ದ, ರಾಶಿ ಮಾತ್ರ ಬೆಳೆಯುತ್ತಿತ್ತು.

ಹೀಗಿರುವಾಗ ಒಂದು ವರ್ಷ, ಎಂಬತ್ತರ ದಶಕದ ನಡುವೆ ಎಲ್ಲೋ ಇರಬೇಕು, ಸಾಂಗ್ಲಿಯ ಫರಶಿ, ಅಂದರೆ ನೆಲದ ಹಾಸುಬಿಲ್ಲೆಗಳ, ವ್ಯಾಪಾರಿಯೊಬ್ಬರು ಅಪ್ಪನಿಗೆ ಒಂದು ಕ್ಯಾಲೆಂಡರ್ ಕೊಟ್ಟರು. ದೇವರ ಚಿತ್ರವಿಲ್ಲ, ಸಿನಿಮಾದ ಹೆಣ್ಣಿಲ್ಲ. ತಿಂಗಳಿಗೊಂದರಂತೆ ಜಗತ್ತಿನ ಮೊಸಾಯಿಕ್ ಚಿತ್ರಗಳು. ಕಲ್ಲು, ಗಾಜು, ಹೆಂಚಿನ ಚೂರುಗಳನ್ನು ಒತ್ತೊತ್ತಾಗಿ ಕೂರಿಸಿ ಮಾಡಿದವು. ಕೆಳಗೆ ಇಂಗ್ಲಿಷಿನಲ್ಲಿ ಎರಡೆರಡು ಸಾಲು. ಹೈಸ್ಕೂಲಿನಲ್ಲಿದ್ದ ನಾನು ಅದನ್ನು ಓದಿ ಹೇಳುವ ಪಂಡಿತೆ. ತಿಳಿಯದ ಕಡೆ ಕೆಮ್ಮಿ ಮುಂದಕ್ಕೆ ಹೋಗುತ್ತಿದ್ದೆ, ಕೆಮ್ಮು ಬಹಳವಿತ್ತು.

ಒಂದರಲ್ಲಿ ಕರಿನಾಯಿ. ಬೂದಿಯಲ್ಲಿ ಹೂತುಹೋದ ಇಟಲಿಯ ಪಟ್ಟಣದ ಒಂದು ಮನೆಯ ಬಾಗಿಲಲ್ಲಿ, ಬಂದವರನ್ನು ಬೆದರಿಸಲು ನೆಲದ ಮೇಲೆಯೇ ನಾಯಿಯನ್ನು ಕೂರಿಸಿದ್ದರು. ಇನ್ನೊಂದರಲ್ಲಿ ಒಂದು ಸಮಾಧಿಯ ಛಾವಣಿ, ಕಡುನೀಲಿ ಗಾಜಿನ ಆಕಾಶ, ಅದರ ತುಂಬ ಬಂಗಾರದ ಚಿಕ್ಕೆಗಳು. ಸತ್ತವರಿಗೂ ರಾತ್ರಿಯ ಆಕಾಶ ಬೇಕಾಗುತ್ತದೆ ಎಂದು ಯಾರಿಗೆ ಹೊಳೆಯಿತೋ! ದಮಾಸ್ಕಸಿನ ಮಸೀದಿಯ ಗೋಡೆಯ ಮೇಲೆ ಗಿಡಗಳು, ನದಿ, ಮಹಡಿ ಮನೆಗಳು ಇದ್ದವು, ಮನುಷ್ಯ ಒಬ್ಬನೂ ಇರಲಿಲ್ಲ. ಪಕ್ಕದ ಓಣಿಯ ಗೌಂಡಿ ಮೋದೀನ ಮಿಸ್ತ್ರಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ‘ಮನಶಾರು ಇಲ್ಲಂತನ ಅಷ್ಟ ಶಾಂತ ಐತಿ ನೋಡ್ರಿ’ ಎಂದಿದ್ದ. ಸ್ಪೇನಿನ ತೋಟದಲ್ಲಿ ಹಾವಿನಂತೆ ಸುತ್ತಿದ ಕಟ್ಟೆ, ಅದರ ಮೈತುಂಬ ಒಡೆದ ಹೆಂಚು, ಒಡೆದ ತಾಟುಗಳು. ಅದು ಈಚಿನದು, ನಮ್ಮ ಅಜ್ಜನ ಕಾಲದ್ದು. ಅದನ್ನು ನೋಡಿ ಅಪ್ಪ ಹಿತ್ತಲಿನ ಕಡೆ ಒಮ್ಮೆ, ಅವ್ವನ ಕಡೆ ಒಮ್ಮೆ ನೋಡಿದ.

ಅವ್ವನಿಗೆ ಹಿಡಿಸಿದ್ದು ರೋಮಿನ ಒಂದು ಊಟದ ಮನೆಯ ನೆಲ. ಉಂಡವರು ಬಿಸಾಕಿದ ಮೀನಿನ ಮುಳ್ಳು, ಕೋಳಿಯ ಎಲುಬು, ಹಣ್ಣಿನ ಸಿಪ್ಪೆ, ಅವುಗಳ ನೆರಳು ಸಮೇತ ಕಲ್ಲಿನ ಚೂರಿನಲ್ಲಿ ಮೂಡಿಸಿದ್ದರು. ಒಂದು ಇಲಿಯೂ ಇತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ದಿನಾ ಕಸ ಹೊಡದ್ರೂ ಹೋಗಲಾರದ ಕಸ. ಆ ಮನಿ ಹೆಂಗಸಿನ ಗತಿ ಏನೇ ಯವ್ವಾ!’ ಅವ್ವ ಹಾಗೆ ನಕ್ಕದ್ದು ನನಗೆ ನೆನಪಿರುವುದಕ್ಕೆ ಕಾರಣವಿದೆ. ಅವಳು ನಗುವುದನ್ನು ಕಡಿಮೆ ಮಾಡಿ ಆಗಲೇ ಕೆಲವು ವರ್ಷಗಳಾಗಿದ್ದವು.

ಅದನ್ನೀಗ ಹೇಳಲೇಬೇಕು. ಅವ್ವನ ತವರು ಕಾಗವಾಡದ ಆಚೆ, ಮಿರಜಿನ ಕಡೆಗೆ ಒಂದು ಸಣ್ಣ ಊರು. ಅಲ್ಲಿಯವರು ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ ಆಡುವ ಜನ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಲ್ಲಿ ನಮ್ಮ ಮಾಮಾನ ಮದುವೆಯಾಯಿತು. ಮಾಮಾ ಅವ್ವನ ಒಬ್ಬನೇ ತಮ್ಮ. ಹಂದರದಲ್ಲಿ ಹಿರಿಯ ಅಳಿಯನೆಂದು ಅಪ್ಪನನ್ನು ಲೋಡಿಗೆ ಒರಗಿಸಿ ಕೂರಿಸಿದರು, ಎಲ್ಲರಿಗಿಂತ ಮೊದಲು ಚಹಾ ತಂದುಕೊಟ್ಟರು. ಅಪ್ಪ ಕಪ್ಪು ಎತ್ತಿದ, ಉಗುರಿನಿಂದ ಬಡಿದ. ಠಪ್. ಅವನ ಮುಖ ಕಪ್ಪಿಟ್ಟಿತು. ಹನಿ ಚಹಾ ಮುಟ್ಟದೆ ಕಪ್ಪನ್ನು ಕೆಳಗಿಟ್ಟು ಎದ್ದುನಿಂತ. ‘ಕಪ್ಪ ಬಶಿ ಮಾರವಗ ಒಡಕ ಕಪ್ಪನ್ಯಾಗ ಚಾ! ಆರಿಸಿ ಇಟ್ಟಾರ, ನನ್ನ ಸಲುವಾಗಿ ಆರಿಸಿ ಇಟ್ಟಾರ!’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಅಕ್ಷತೆ ಬೀಳುವ ಮೊದಲೇ ನಾವು ಮೂವರೂ ಬಸ್ಸಿನಲ್ಲಿದ್ದೆವು.

ಬಸ್ಸಿನಲ್ಲಿ ಅವ್ವ ತಗ್ಗಿದ ದನಿಯಲ್ಲಿ ಹೇಳಿದಳು: ‘ಅವು ನಮ್ಮ ಅಂಗಡಿ ಕಪ್ಪರಿ. ದೀಪಾವಳಿಗೆ ನೀವ ಆಹೇರಿ ಕೊಟ್ಟಿದ್ರಿ. ಇದ್ದುದರಾಗ ಚಲೋವು ಅಂತ ನಿಮಗ ತಗದಾರ.’

ಅವಳು ಸುಮ್ಮನಿದ್ದಿದ್ದರೆ ಅಪ್ಪನ ಸಿಟ್ಟು ಎರಡು ಹಬ್ಬದಲ್ಲಿ ಇಳಿಯುತ್ತಿತ್ತೋ ಏನೋ. ನಿಜ ಹೇಳಿದ್ದರಿಂದ ಅದು ಕಲ್ಲಾಯಿತು. ‘ಹಂಗಾರ ನಾ ಒಡಕ ಮಾಲ ಕೊಟ್ಟೆ ಅಂತೀಯೇನ?’ ಎಂದ ಅಪ್ಪ. ಈಗ ಅವನು ತವರಿನವರನ್ನು ಕ್ಷಮಿಸಿದರೆ ತನ್ನ ಉಗುರನ್ನು ತಾನೇ ಸುಳ್ಳು ಮಾಡಿದಂತೆ. ಇನ್ನು ಆ ಊರಿನ ಹೊಸ್ತಿಲು ತುಳಿಯುವುದಿಲ್ಲ, ಮನೆಯವರನ್ನು ತುಳಿಯಲು ಬಿಡುವುದೂ ಇಲ್ಲ ಎಂದು ಆಣೆ ಮಾಡಿದ. ಒಂದು ಕಪ್ಪಿನ ಸೀಳಿಗೆ ಒಂದು ಹೆಣ್ಣಿನ ತವರು ಹೋಯಿತು. ಹೇಳಿದರೆ ಜನ ನಗುತ್ತಾರೆ. ನಾನೂ ಬಹಳ ವರ್ಷ ಇದನ್ನು ನಗಿಸುವ ಕಥೆಯಾಗಿಯೇ ಹೇಳಿಕೊಂಡು ಬಂದೆ.

ಮುಂದಿನ ಪಂಚಮಿಗೆ ಮಾಮಾ ಕರೆಯಲು ಬಂದ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವುದು ನಮ್ಮ ಕಡೆ ದೊಡ್ಡ ಮಾತು. ಅಪ್ಪ ಅಂಗಡಿಯಿಂದ ಏಳಲಿಲ್ಲ. ಮಾಮಾ ಉಂಡಿಯ ಡಬ್ಬಿ ಕಟ್ಟೆಯ ಮೇಲಿಟ್ಟು ಹೋದ. ಮರುವರ್ಷ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ. ಅದರ ಮರುವರ್ಷ ಯಾರೂ ಬರಲಿಲ್ಲ. ಅವ್ವ ಕೇಳಲೂ ಇಲ್ಲ. ಅವಳಿಗೂ ಒಂದು ಹಟವಿತ್ತು, ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪನ ಬಾಯಿಂದಲೇ ಬರಬೇಕು. ಪಂಚಮಿಯ ದಿನ ಓಣಿಯ ಹೆಂಗಸರೆಲ್ಲ ತವರಿಗೆ ಹೋಗಿ ಓಣಿ ಬಿಕೋ ಎನ್ನುವಾಗ ಅವ್ವ ಅಂಗಡಿಯ ಕಪ್ಪುಗಳ ಧೂಳು ಒರೆಸುತ್ತ ಕೂಡುತ್ತಿದ್ದಳು.

ಮತ್ತೆ ಕ್ಯಾಲೆಂಡರಿಗೆ ಬರುತ್ತೇನೆ. ಗಣಪತಿ ಹಬ್ಬದ ತಿಂಗಳ ಚಿತ್ರ ಅಪ್ಪನ ತಲೆ ಕೆಡಿಸಿತು. ಜೋರ್ಡಾನ್ ದೇಶದ ಒಂದು ಹಳೆಯ ಚರ್ಚಿನ ನೆಲದ ಮೇಲೆ ಇಡೀ ಸೀಮೆಯ ನಕಾಶೆ. ನದಿ, ನದಿಯಲ್ಲಿ ಮೀನು, ಕೋಟೆ, ಊರೂರ ಹೆಸರು. ಅರ್ಧಕ್ಕರ್ಧ ಕಿತ್ತುಹೋಗಿತ್ತು, ಉಳಿದದ್ದರ ಮೇಲೆ ಜನ ತಲೆಮಾರುಗಟ್ಟಲೆ ನಡೆದಾಡಿದ್ದರು. ಅಪ್ಪ ನಮ್ಮ ಮನೆಯ ಮುಂದಿನ ಪಡಸಾಲೆಯ ಹಾಳು ನೆಲವನ್ನು ನೋಡಿದ. ‘ನಮ್ಮ ಸೀಮಿ ನಕಾಶಿ ಮಾಡೂಣು. ಚೂರು ಬೇಕಾದಷ್ಟ ಅದಾವ’ ಎಂದ.

ಶುರುವಾಯಿತು. ಹಿತ್ತಲಿನ ರಾಶಿಯನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುವ ಕೆಲಸ ನನ್ನದು, ನನ್ನ ಬೆರಳಿನ ಗಾಯದ ಕಲೆಗಳು ಆಗಿನವು. ಕೃಷ್ಣಾ ನದಿಗೆ ನೀಲಿ ಬಶಿಗಳು. ಚಿಕ್ಕೋಡಿ ಅಪ್ಪನ ಊರಾದ್ದರಿಂದ ಅದಕ್ಕೆ ಬಂಗಾರದ ಅಂಚಿನ ಚೂರುಗಳು. ನಿಪ್ಪಾಣಿಗೆ ತಂಬಾಕಿನ ಬಣ್ಣ ಬೇಕೆಂದು ಉಪ್ಪಿನಕಾಯಿ ಭರಣಿಯ ತಳ. ಅಥಣಿಗೆ ಅಲ್ಲಿಯ ಬೆಲ್ಲದ ಕೆಂಪು, ರಾಯಬಾಗಕ್ಕೆ ಹಾಲುಬಿಳಿ. ಕಾಗವಾಡದ ದ್ರಾಕ್ಷಿಗೆ ಒಪ್ಪುವ ಬಣ್ಣ ಯಾವ ಕಪ್ಪಿನಲ್ಲೂ ಸಿಗದೆ ಕೊನೆಗೆ ಒಂದು ಒಡೆದ ದೀಪದ ಗಾಜು ಒದಗಿತು. ಕರೋಶಿ, ಅಕ್ಕೋಳದಂಥ ಹಳ್ಳಿಗಳಿಗೆ ಒಂದೊಂದು ಕಪ್ಪಿನ ಹಿಡಿಕೆ. ಹೆಸರು ಬರೆಯುವುದು ಬೇಡವೆಂದ ಅಪ್ಪ. ‘ಕನ್ನಡದಾಗ ಬರದ್ರ ಅವರ ಬರ್ತಾರ ಜಗಳಕ್ಕ, ಮರಾಠ್ಯಾಗ ಬರದ್ರ ಇವರ ಬರ್ತಾರ. ಊರ ಗೊತ್ತಿದ್ದವರಿಗೆ ಗೊತ್ತಾಗತೈತಿ.’

ಕಾಗದದ ಮೇಲೆ ನಕಾಶೆ ಬರೆಯುತ್ತಿದ್ದ ದಿನ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನಿಂತಳು. ಹಿಟ್ಟಿನ ಬೆರಳನ್ನು ಕಾಗವಾಡದ ಮೇಲಿಟ್ಟು, ಒಂದು ಗೇಣು ಮೇಲಕ್ಕೆ ಸರಿಸಿದಳು. ‘ಇಲ್ಲೊಂದ ಚೂರ ಬರೂದಿಲ್ಲೇನ್ರಿ?’ ಎಂದಳು. ಅಷ್ಟು ವರ್ಷಗಳಲ್ಲಿ ಅವಳು ತವರಿನ ಮಾತು ಎತ್ತಿದ್ದು ಅದೇ ಮೊದಲು.

ಅಪ್ಪ ತಲೆಯೆತ್ತಲಿಲ್ಲ. ‘ಕಾಗವಾಡಕ್ಕ ನಮ್ಮ ಸೀಮಿ ಮುಗೀತು. ಅದರಾಚೆ ಬರೇ ಸಿಮೆಂಟ’ ಎಂದ. ಕಾಗದದ ಮೇಲೆ ಉಳಿದ ಹಿಟ್ಟಿನ ಗುರುತನ್ನು ಅಂಗೈಯಿಂದ ಒರೆಸಿದ. ಅವ್ವ ಒಳಗೆ ಹೋದಳು. ಅವಳು ಬಡಿದ ಉಳಿದ ರೊಟ್ಟಿಗಳು ಅಂದು ದಪ್ಪವಾಗಿದ್ದವು.

ಮೋದೀನ ಮಿಸ್ತ್ರಿ ಹರೆಯದಲ್ಲಿ ಸಾಂಗ್ಲಿಯ ಫರಶಿ ಕಾರ್ಖಾನೆಯಲ್ಲಿ ದುಡಿದಿದ್ದ. ಚೂರುಗಳನ್ನು ನೇರ ನೆಲಕ್ಕೆ ಹಚ್ಚಿದರೆ ಏರುತಗ್ಗು ಆಗುತ್ತದೆ, ಮೊದಲು ಕಾಗದದ ಮೇಲೆ ಬೋರಲು ಅಂಟಿಸಬೇಕು, ಆಮೇಲೆ ಕಾಗದ ಸಮೇತ ಎತ್ತಿ ಹಸಿ ಸಿಮೆಂಟಿನ ಮೇಲೆ ಮಗುಚಬೇಕು, ಒಣಗಿದ ಮೇಲೆ ಕಾಗದ ತೋಯಿಸಿ ಕಿತ್ತರೆ ನೆಲ ಕನ್ನಡಿಯಂತೆ ಬರುತ್ತದೆ ಎಂದ. ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಮೈದಾ ಹಿಟ್ಟಿಗೆ ಬೆಲ್ಲದ ನೀರು ಕೂಡಿಸಿ ಅಂಟು ಕುದಿಸಿದರು. ಚಿಕ್ಕೋಡಿ ತಾಲೂಕಿನ ಇರುವೆಗಳೆಲ್ಲ ಕೃಷ್ಣಾ ನದಿಗೆ ಇಳಿದವು. ಒಂದು ತಿಂಗಳು ಅಪ್ಪ ಅಂಗಡಿಯನ್ನು ಮರೆತು ನೆಲಕ್ಕೆ ಬಿದ್ದಿದ್ದ. ಮಗುಚುವ ದಿನ ನಾಲ್ಕು ಮಂದಿ ಹಲಗೆ ಹಿಡಿದರು. ಮೋದೀನ ‘ಬಿಸ್ಮಿಲ್ಲಾ’ ಎಂದ, ಅಪ್ಪ ‘ಶಿವಾ’ ಎಂದ.

ಕಾಗದ ಕಿತ್ತ ದಿನ ಪಡಸಾಲೆ ನಿಜಕ್ಕೂ ಝಗಝಗಿಸಿತು. ಆದರೆ ನಿಪ್ಪಾಣಿ ಮೂಡಲಿಗೆ ಇತ್ತು, ಅಥಣಿ ಪಡುವಲಿಗೆ ಇತ್ತು. ಕೃಷ್ಣಾ ನದಿ ಸಮುದ್ರದ ಸಹವಾಸವೇ ಬೇಡವೆಂದು ತಿರುಗಿ ತಾನು ಹುಟ್ಟಿದ ಮಹಾಬಳೇಶ್ವರದ ಕಡೆ ಹೊರಟಿತ್ತು. ಬೋರಲು ಅಂಟಿಸಿದ್ದನ್ನು ಮಗುಚಿದರೆ ಎಡ ಬಲ ಅದಲುಬದಲಾಗುತ್ತದೆ, ಆದ್ದರಿಂದ ನಕಾಶೆಯನ್ನು ಮೊದಲೇ ಉಲ್ಟಾ ಬರೆಯಬೇಕು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮೋದೀನನಿಗೂ ಹೊಳೆದಿರಲಿಲ್ಲ. ಕಾರ್ಖಾನೆಯಲ್ಲಿ ಅವನು ಇದ್ದಷ್ಟು ದಿನವೂ ಮಾಡಿದ್ದು ಹೂವುಗಳನ್ನು. ಹೂವಿಗೆ ಎಡವೂ ಇಲ್ಲ, ಬಲವೂ ಇಲ್ಲ. ಬಡಪಾಯಿ ಕಾಗದದ ಒದ್ದೆ ತುಂಡು ಹಿಡಿದುಕೊಂಡು, ‘ಇನ್ನೊಮ್ಮೆ ನೋಡೂಣ್ರಿ, ಒಣಗಿದ ಮ್ಯಾಲ ಸರಿ ಕಾಣಬಹುದು’ ಎಂದ.

ಊರಿಗೆ ಹಬ್ಬವಾಯಿತು. ಜನ ನೋಡಲು ಬಂದರು. ‘ಮಲ್ಲಪ್ಪನ ಮನ್ಯಾಗ ಸೂರ್ಯ ನಿಪ್ಪಾಣ್ಯಾಗ ಹುಟ್ಟತಾನ’ ಎಂದರು. ನಿಪ್ಪಾಣಿಯ ಒಬ್ಬ ಗಿರಾಕಿ, ತನ್ನ ಊರಿಗೆ ಭರಣಿಯ ತಳ ಹಚ್ಚಿದ ಸಿಟ್ಟಿಗೋ ಏನೋ, ತಲೆಕೆಳಗಾಗಿ ನಿಂತು ನೋಡಿದರೆ ಸರಿಹೋಗುತ್ತದೇನೋ ಎಂದು ಬಗ್ಗಿ ತನ್ನ ಕಾಲುಗಳ ನಡುವಿನಿಂದ ನೋಡಿದ. ನಾನು ಶಾಲೆಗೆ ಹೋಗುವ ದಾರಿಯನ್ನೇ ಬದಲಿಸಿದೆ. ಕಿತ್ತು ಹಾಕೋಣವೆಂದ ಮೋದೀನ. ಅಪ್ಪ ಒಪ್ಪಲಿಲ್ಲ. ಬಾಗಿಲ ಪಕ್ಕದಲ್ಲಿ ಮೊಣಕಾಲು ತಬ್ಬಿಕೊಂಡು ಕೂತು ತನ್ನ ತಿರುಗಾಮುರುಗಾ ಸೀಮೆಯನ್ನು ನೋಡುತ್ತಿದ್ದ. ಅವನನ್ನು ಅಷ್ಟು ಸೋತವನಾಗಿ ನಾನು ನೋಡಿರಲಿಲ್ಲ. ಊರೆಲ್ಲ ನಗುವಾಗ ನಗದೆ ಇದ್ದವಳು ಅವ್ವ ಒಬ್ಬಳೇ.

‘ನೀ ಯಾಕ ನಗಲಿಲ್ಲ?’ ಎಂದು ಅಪ್ಪ ಕೇಳಿದ. ಊಟಕ್ಕೆ ಕೂತಿದ್ದೆವು.

‘ನಮ್ಮೂರ ಇದ್ದಿದ್ರ ನನಗ ಉಲ್ಟಾ ಆದ್ರೂ ನಡೀತಿತ್ತು’ ಎಂದಳು ಅವ್ವ, ತಾಟಿಗೆ ಪಲ್ಯ ಬಡಿಸುತ್ತ.

ಮರುದಿನ ಅಪ್ಪ ಉಳಿ ಸುತ್ತಿಗೆ ತಂದ. ನಮ್ಮ ಮನೆಯ ಬಾಗಿಲು ದಕ್ಷಿಣಕ್ಕೆ. ಹೀಗಾಗಿ ನಕಾಶೆಯ ಉತ್ತರದ ತುದಿ ಒಳಮನೆಯ ಹೊಸ್ತಿಲಿಗೆ ಬರುತ್ತಿತ್ತು. ಕಾಗವಾಡಕ್ಕೂ ಹೊಸ್ತಿಲಿಗೂ ನಡುವೆ ಇದ್ದ ಬರಿ ಸಿಮೆಂಟಿನಲ್ಲಿ ಒಂದು ಕುಳಿ ಕಡಿದ. ಹಿತ್ತಲಿಗೆ ಹೋಗಲಿಲ್ಲ. ಅಂಗಡಿಯ ಕಪಾಟಿನಿಂದ ಗುಲಾಬಿ ಹೂವಿನ ಹೊಸ ಬಶಿಯೊಂದನ್ನು ತಂದು ಬಡಿದು ನೋಡಿದ, ಅದು ಠಣ್ ಎಂದಿತು. ಆಮೇಲೆ ಸುತ್ತಿಗೆಯಿಂದ ಒಡೆದ. ಗಟ್ಟಿ ಮಾಲನ್ನು ಬೇಕೆಂದೇ ಒಡೆದದ್ದು ಅವನ ಆಯುಷ್ಯದಲ್ಲಿ ಅದೊಂದೇ ಇರಬೇಕು. ಹೂವಿರುವ ಚೂರನ್ನು ಕುಳಿಯಲ್ಲಿ ಕೂರಿಸಿ, ‘ಆತು?’ ಎಂದ. ಅವ್ವ ‘ಆತ್ರಿ’ ಎಂದಳು.

ಇಲ್ಲಿ ಕಥೆ ನಿಲ್ಲಬೇಕಿತ್ತು. ನಾನೂ ಎಲ್ಲ ಸರಿಹೋಯಿತು ಎಂದೇ ತಿಳಿದೆ. ಅಪ್ಪನೂ ಹಾಗೇ ತಿಳಿದ, ಅದೇ ತಪ್ಪಾದದ್ದು. ಅವನ ಮಟ್ಟಿಗೆ ರಾಜಿ ಆಗಿಹೋಗಿತ್ತು. ಊರನ್ನು ಮನೆಗೆ ತಂದು ಕೊಟ್ಟ ಮೇಲೆ ಇನ್ನು ಊರಿಗೆ ಹೋಗುವುದೇಕೆ? ಆಣೆಯೂ ಮುರಿಯಲಿಲ್ಲ, ಹೆಂಡತಿಯೂ ಅಳಲಿಲ್ಲ. ಗಂಡಸರಿಗೆ ಇಂಥ ಚಿತ್ರದ ಪರಿಹಾರಗಳು ಬಹಳ ಸುಲಭವಾಗಿ ರುಚಿಸುತ್ತವೆ ಎಂದು ಈಗ ಸಿಟ್ಟು ಬರುತ್ತದೆ. ಆಗ ಬರಲಿಲ್ಲ.

ಹೊಸ್ತಿಲ ಮೇಲೆ ಕೂಡಬಾರದು ಎಂದು ನನಗೆ ನೂರು ಸಲ ಬೈದ ಅವ್ವ ಅಂದಿನಿಂದ ಮಧ್ಯಾಹ್ನದ ಹೊತ್ತು ಹೊಸ್ತಿಲ ಮೇಲೆಯೇ ಕೂತು ಅಕ್ಕಿ ಆರಿಸತೊಡಗಿದಳು. ಕಾಲಿನ ಹೆಬ್ಬೆರಳು ಆ ಗುಲಾಬಿ ಚೂರಿನ ಮೇಲೆ ಇರುತ್ತಿತ್ತು. ವರ್ಷಗಳು ಹೋದವು. ಮನೆಮನೆಗೆ ಸ್ಟೀಲಿನ ಲೋಟ ಬಂದವು, ಅಂಗಡಿಯ ಗಿರಾಕಿ ಇಳಿಯಿತು. ಉತ್ತರದ ಲಾರಿ ವರ್ಷಕ್ಕೊಮ್ಮೆ ಬರುವಂತಾಯಿತು. ಚೂರಿನ ಮೇಲಿನ ಹೂವು ಸವೆದು ಎಸಳು ಯಾವುದು ಎಲೆ ಯಾವುದು ತಿಳಿಯದಂತಾಯಿತು. ನಾನು ಕಾಲೇಜು ಸೇರಿದೆ.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ, ದ್ರಾಕ್ಷಿ ಸುಗ್ಗಿಯಲ್ಲಿ, ಕಾಗವಾಡದ ಕಡೆಯ ಒಬ್ಬ ವ್ಯಾಪಾರಿ ಅಂಗಡಿಗೆ ಬಂದ. ಮಾತಿನ ನಡುವೆ, ‘ನಿಮ್ಮ ಅತ್ತಿಯವರಿಗೆ ಬಾಳ ಮರವ ಆಗೇತ್ರಿ. ಉಂಡದ್ದು ನೆನಪ ಇರೂದಿಲ್ಲ. ಮನಿ ಬಿಟ್ಟ ಬಸ್ ಸ್ಟ್ಯಾಂಡಿಗಿ ಹೋಗಿ ಕೂಡತಾರ’ ಎಂದ. ಅವ್ವನ ತಾಯಿಯ ಸುದ್ದಿ ಅದು. ಅವ್ವ ಅವಳನ್ನು ಆಯಿ ಎನ್ನುತ್ತಿದ್ದಳು, ನಾನೂ ಆಯಿ ಎಂದೇ ಕರೆಯುತ್ತಿದ್ದೆ. ಅಪ್ಪ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದ. ಹೊಸ್ತಿಲ ಮೇಲೆ ಕೂತಿದ್ದ ಅವ್ವನ ಎದುರು ನಿಂತು, ‘ತಯಾರ ಆಗು. ನಿಮ್ಮೂರಿಗೆ ಹೋಗೂಣು’ ಎಂದ. ಅವ್ವ ಎದ್ದುಬಿಟ್ಟಳು. ಮೊರದಲ್ಲಿದ್ದ ಅಕ್ಕಿ ಹಾಗೇ ಉಳಿಯಿತು.

ಅಂಕಲಿಯ ಮುಂದೆ ಕೃಷ್ಣಾ ನದಿ ದಾಟಿದೆವು. ಅದು ಹರಿಯಬೇಕಾದ ಕಡೆಗೇ ಹರಿಯುತ್ತಿತ್ತು. ಕಾಗವಾಡದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಎಷ್ಟು ಹತ್ತಿರವೆಂದರೆ, ಕೊಂಡ ದ್ರಾಕ್ಷಿ ತಿಂದು ಮುಗಿಸುವ ಮೊದಲೇ ಊರು ಬಂತು. ಇಷ್ಟೇ ದೂರವಿತ್ತೇ? ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ.

ಮಾಮಾ ಬಾಗಿಲಲ್ಲಿ ನೀರು ಕೊಟ್ಟ. ಹಳೆಯದನ್ನು ಎತ್ತಲಿಲ್ಲ. ಆಯಿ ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಕೂತಿದ್ದಳು, ಸೊರಗಿಹೋಗಿದ್ದಳು. ಅವ್ವ ಹೋಗಿ ಕಾಲು ಮುಟ್ಟಿದಳು, ಮುಟ್ಟಿದ ಕೈ ತೆಗೆಯಲಿಲ್ಲ. ಮಾಮಾ ಕಿವಿಯ ಹತ್ತಿರ ಬಗ್ಗಿ, ‘ಆಯಿ, ನೋಡ, ಶೇವಂತಾ ಆಲೀ, ತುಝಿ ಶೇವಂತಾ’ ಎಂದ. ನಿನ್ನ ಶೇವಂತಾ ಬಂದಿದ್ದಾಳೆ ಎಂದು; ಶೇವಂತಾ ನಮ್ಮವ್ವನ ಹೆಸರು.

ಆಯಿ ಅವ್ವನ ನರೆತ ಕೂದಲು ನೋಡಿದಳು, ಮುಖ ನೋಡಿದಳು. ಮರ್ಯಾದೆಯಿಂದ ನಕ್ಕಳು. ‘ನಮ್ಮ ಶೇವಂತಾ ಸಣ್ಣಾಕಿ’ ಎಂದು ಮಾಮಾನಿಗೆ ಹೇಳಿ, ಅವ್ವನ ಕಡೆ ತಿರುಗಿ, ‘ಬರ್ರಿ, ಬಸಾ, ಮ್ಯಾಲ ಕೂಡ್ರಿ. ಯಾವೂರವರು ನೀವು?’ ಎಂದಳು.

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವ್ವ ಅವನ ಕಡೆ ನೋಡದೆಯೇ ಕೈ ಅಡ್ಡ ಹಿಡಿದಳು.

‘ಚಿಕ್ಕೋಡಿ’ ಎಂದಳು.

ಆಯಿಯ ಮುಖ ಅರಳಿತು. ಅವ್ವನ ಎರಡೂ ಕೈ ಹಿಡಿದುಕೊಂಡಳು. ‘ಚಿಕ್ಕೋಡಿ? ನನ್ನ ಮಗಳನ್ನ ಅಲ್ಲೇ ಕೊಟ್ಟೇವ್ರಿ. ಬಾಳ ದಿವಸ ಆತು, ಬಂದಿಲ್ಲ. ಏನ ಕೆಲಸ ಇರತೈತೋ ಏನೋ. ನಿಮಗ ಭೇಟಿ ಆದ್ರ ತೇವಢ ಸಾಂಗಾ, ಅಷ್ಟ ಹೇಳ್ರಿ, ಆಯಿ ದಾರಿ ನೋಡಾಕತ್ತಾಳ, ಒಂದ ಸಲ ಬಂದ ಹೋಗ ಅಂತ.’

‘ಹೇಳತೇನ್ರಿ’ ಎಂದಳು ಅವ್ವ.